ಕೊನೆಯ ಪಂಕ್ತಿಯ ಊಟ

2025ರ ಆಗಸ್ಟ್ 27, ಗಣೇಶ ಚೌತಿ. ಅಂದು ರಾತ್ರಿ ಒಂಬತ್ತೂವರೆಗೆ ನಾನು ಕಾತ್ರಜದ ಒಂದು ಸಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಹೊರಗೆ ರಸ್ತೆಯಲ್ಲಿ ಢೋಲ್ ತಾಶಾದ ಸದ್ದು ಇನ್ನೂ ನಿಂತಿರಲಿಲ್ಲ. ಒಳಗೆ ಒಂದು ಮಂಚದ ಮೇಲೆ ಅರವತ್ನಾಲ್ಕು ವರ್ಷದ ಅವ್ವ, ಪಕ್ಕದ ಮಂಚದ ಮೇಲೆ ನನ್ನ ಹೆಂಡತಿ. ಇಬ್ಬರ ಕೈಗೂ ಸಲೈನ್. ಮಧ್ಯಾಹ್ನ ನಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ ಇಪ್ಪತ್ತೆರಡು ಜನ ಹಬ್ಬದೂಟ ಉಂಡಿದ್ದರು. ಅಷ್ಟೂ ಜನರಿಗೆ ಅಡುಗೆ ಮಾಡಿದವರು ಇವರಿಬ್ಬರು. ಆಸ್ಪತ್ರೆ ಸೇರಿದವರೂ ಇವರಿಬ್ಬರೇ.

ಅವ್ವ ಅರೆಗಣ್ಣು ತೆರೆದು ಕೇಳಿದ ಮೊದಲ ಪ್ರಶ್ನೆ, "ಮತ್ತ ಯಾರಿಗೂ ಏನೂ ಆಗಿಲ್ಲಲಾ?" ಇಲ್ಲ ಎಂದೆ. "ಹಂಗಾರ ನಂದೇನಾತ ಬಿಡೋ. ಮಂದಿ ಊಟ ಛಲೋ ಆತಲ್ಲ, ಅಷ್ಟ ಸಾಕು" ಎಂದು ಕಣ್ಣು ಮುಚ್ಚಿದಳು.

ಆ ಮಾತು ಕೇಳಿ ನನಗೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. ಸಿಟ್ಟು ಅವಳ ಮೇಲಲ್ಲ. ಯಾರ ಮೇಲೆ ಎಂಬುದು ಗೊತ್ತಾಗಲು ಎರಡು ದಿನ ಹಿಡಿಯಿತು. ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು ಬಿಟ್ಟು ಬಂದು ಫ್ಲ್ಯಾಟಿನಲ್ಲಿ ಹಬ್ಬ ಮಾಡುವ ನಮ್ಮಂಥವರ ಬಹುಪಾಲು ಮನೆಗಳಲ್ಲಿ ಇದೇ ಲೆಕ್ಕ ತಪ್ಪುತ್ತಿದೆ ಎಂದು ನನ್ನ ಅನಿಸಿಕೆ.

ನಮ್ಮದು ಧಾರವಾಡ. ಪುಣೆಗೆ ಬಂದು ಒಂಬತ್ತು ವರ್ಷ. ಹೊರಗಿದ್ದವರ ಹಬ್ಬಕ್ಕೆ ಒಂದು ಹಟ ಇರುತ್ತದೆ. ಊರಲ್ಲಿದ್ದಾಗ ಎರಡು ಪಲ್ಯಕ್ಕೆ ಮುಗಿಸುತ್ತಿದ್ದವರೂ ಇಲ್ಲಿ ನಾಲ್ಕು ಮಾಡುತ್ತೇವೆ. ಅಪ್ಪ, ಅವ್ವ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಕಾತ್ರಜ ಚೌಕದಲ್ಲಿ ಇಳಿಯುತ್ತಾರೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮನೆಯ ತುಪ್ಪ. ಆಫೀಸಿನ ಕನ್ನಡದ ಗೆಳೆಯರು, ಪಿಂಪ್ರಿಯಲ್ಲಿರುವ ಕಾಕಾ ಕಾಕು, ಎದುರು ಮನೆಯ ಮರಾಠಿ ದಂಪತಿ, ಮಕ್ಕಳು. ಹೋಳಿಗೆ, ಕಟ್ಟಿನ ಸಾರು, ಕರಿಗಡುಬು, ಬದನೆಕಾಯಿ ಎಣಗಾಯಿ, ಕೋಸಂಬರಿ, ಭಜಿ, ಚಿತ್ರಾನ್ನ, ಶ್ಯಾವಿಗೆ ಪಾಯಸ. ಒಂದೂ ಬಿಡುವ ಹಾಗಿಲ್ಲ. ಬಿಟ್ಟರೆ ನಾವು ಇನ್ನೂ ಧಾರವಾಡದವರು ಎಂದು ನಮಗೇ ನಂಬಿಕೆ ಬರುವುದಿಲ್ಲ.

ಆದರೆ ನಾವು ಊರಿನಿಂದ ತಂದದ್ದು ಹಬ್ಬದ ಅಳತೆಯನ್ನು ಮಾತ್ರ. ಆ ಅಳತೆಯನ್ನು ಹೊರುತ್ತಿದ್ದ ಕೈಗಳನ್ನು ತರಲಿಲ್ಲ. ಅಜ್ಜಿಯ ಮನೆಯಲ್ಲಿ ಇಪ್ಪತ್ತು ಜನರ ಅಡುಗೆಗೆ ಏಳೆಂಟು ಹೆಂಗಸರು ಇರುತ್ತಿದ್ದರು, ಹಿತ್ತಲಿತ್ತು, ಎರಡು ಒಲೆ ಇದ್ದವು. ಇಲ್ಲಿ ಮೂರು ಬರ್ನರಿನ ಗ್ಯಾಸು, ಇಬ್ಬರು ಎದುರುಬದುರು ನಿಂತರೆ ತುಂಬಿಹೋಗುವ ಅಡುಗೆಮನೆ, ಮೊಸರಿನ ಪಾತ್ರೆ, ಹಾಲಿನ ಪಾಕೀಟು ಇಟ್ಟರೆ ಜಾಗ ಮುಗಿಯುವ ಫ್ರಿಜ್ಜು.

ನೀರೇ ಇರಬೇಕು ಎಂದುಕೊಂಡೆವು

ಆಸ್ಪತ್ರೆಯಲ್ಲಿ ನನಗೆ ಮೊದಲು ಬಂದ ಅನುಮಾನ ನೀರಿನದು. ಅದಕ್ಕೆ ಕಾರಣವಿತ್ತು. ಅದೇ ವರ್ಷದ ಜನವರಿಯಲ್ಲಿ ಪುಣೆಯಲ್ಲಿ ಗಿಯಾನ್ ಬಾರೆ ಸಿಂಡ್ರೋಮ್, ಅಂದರೆ ಎಲ್ಲರೂ ಜಿಬಿಎಸ್ ಎಂದು ಕರೆದ ಕಾಯಿಲೆ, ಒಮ್ಮೆಲೇ ಹಬ್ಬಿತು. ಕಾತ್ರಜದಿಂದ ನವಲೆ ಸೇತುವೆ ದಾಟಿದರೆ ಧಾಯರಿ; ಅದರಾಚೆ ಸಿಂಹಗಡ ರಸ್ತೆಯ ಮಗ್ಗುಲಿಗೆ ನಾಂದೇಡ ಗಾವ್, ಕಿರ್ಕಟ್‌ವಾಡಿ, ಖಡಕವಾಸಲಾ. ಹೆಚ್ಚಿನ ರೋಗಿಗಳು ಈ ಪಟ್ಟಿಯವರು. ಕೆಲವೇ ವಾರಗಳಲ್ಲಿ 200ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು, ಸಾವುಗಳೂ ಆದವು. ಮೊದಲು ಹೊಟ್ಟೆ ಕೆಡುತ್ತದೆ, ಭೇದಿ ನಿಲ್ಲುತ್ತದೆ. ಒಂದೆರಡು ವಾರದಲ್ಲಿ ಕಾಲು ಜೋಮು ಹಿಡಿಯುತ್ತದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ಕೆಲವರಿಗೆ ಉಸಿರಾಟಕ್ಕೇ ವೆಂಟಿಲೇಟರ್ ಬೇಕಾಯಿತು. ರೋಗಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಪುಣೆಯಲ್ಲೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಹಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕೊಳಕು ನೀರು, ಸರಿಯಾಗಿ ಬೇಯದ ಮಾಂಸ ಇವುಗಳಿಂದ ಹರಡುವಂಥದ್ದು. ಆ ಭಾಗದ ಹಲವು ಖಾಸಗಿ ನೀರಿನ ಘಟಕಗಳಿಗೆ ಮಹಾನಗರ ಪಾಲಿಕೆ ಬೀಗ ಹಾಕಿತು.

ಹದಿನೆಂಟನೇ ಶತಮಾನದ ನಡುವಿಗೆ ನಾನಾಸಾಹೇಬ ಪೇಶ್ವೆ ಕಾತ್ರಜದ ಕೆರೆಯಿಂದ ಶನಿವಾರವಾಡೆಯವರೆಗೆ ನೆಲದಡಿ ಕಾಲುವೆ ಕಟ್ಟಿಸಿ ಪುಣೆಗೆ ನೀರು ಕುಡಿಸಿದ. ಅಂಥ ಊರಿನಲ್ಲಿ ಕೂತು ನಾವು ಆ ಜನವರಿಯಲ್ಲಿ ನಲ್ಲಿ ತಿರುಗಿಸಲು ಹೆದರಿದೆವು. ಅಂದಿನಿಂದ ನಮ್ಮ ಮನೆಯಲ್ಲಿ ಕುಡಿಯುವ ನೀರು ಕುದಿಸಿಯೇ ಆಗಬೇಕು. ಹಬ್ಬದ ದಿನವೂ ಹಿಂದಿನ ರಾತ್ರಿಯೇ ಎರಡು ಕೊಳಗ ನೀರು ಕುದಿಸಿ ಆರಿಸಿಟ್ಟಿದ್ದೆವು. ಹಾಗಾಗಿ ನೀರಿನ ಅನುಮಾನ ನಿಲ್ಲಲಿಲ್ಲ. ಅದೇ ನೀರನ್ನು ಇಪ್ಪತ್ತೆರಡೂ ಜನ ಕುಡಿದಿದ್ದರು.

ಡ್ಯೂಟಿಯಲ್ಲಿದ್ದ ವೈದ್ಯೆ ನನ್ನನ್ನು ಕೇಳಿದ್ದು ಬೇರೆಯೇ ಪ್ರಶ್ನೆ. ಏನು ಉಂಡರು ಎಂದು ನಾನು ಪಟ್ಟಿ ಹೇಳಲು ಹೊರಟಿದ್ದೆ. ಅವರು ತಡೆದು, "ಎಷ್ಟು ಗಂಟೆಗೆ ಉಂಡರು? ಆ ಅಡುಗೆ ಎಷ್ಟು ಗಂಟೆಗೆ ಆಗಿತ್ತು?" ಎಂದರು.

ಎರಡು, ನಾಲ್ಕು, ಆರು

ನನ್ನ ಕೆಲಸ ಸಾಫ್ಟ್‌ವೇರ್. ಏನಾದರೂ ಕೆಟ್ಟರೆ ಯಾವ ಗಂಟೆಗೆ ಏನಾಯಿತು ಎಂದು ಲಾಗ್ ತೆಗೆದು ನೋಡುವುದು ನಮ್ಮ ರೂಢಿ. ಆ ರಾತ್ರಿ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಹಬ್ಬದ ಲಾಗ್ ಬರೆದೆ.

ಪೂಜೆ ಹನ್ನೆರಡಕ್ಕೆ ಎಂದು ಅನ್ನ, ಪಾಯಸ ಹತ್ತೂವರೆಗೇ ಆಗಿಹೋಗಿದ್ದವು. ಚಿತ್ರಾನ್ನವನ್ನು ಪರಾತದಲ್ಲಿ ಹರಡಲು ಕಟ್ಟೆಯ ಮೇಲೆ ಜಾಗವಿರಲಿಲ್ಲ. ದೊಡ್ಡ ಬೋಗುಣಿಯಲ್ಲೇ ಕಲಸಿ, ಮುಚ್ಚಳ ಹಾಕಿ ಮೂಲೆಯಲ್ಲಿಟ್ಟರು. ಮೊದಲ ಪಂಕ್ತಿ ಕೂತದ್ದು ಹನ್ನೆರಡೂ ಮುಕ್ಕಾಲಿಗೆ: ಅಪ್ಪ, ಕಾಕಾ, ನನ್ನ ಗೆಳೆಯರು, ನಾನು. ಎರಡನೆಯದು ಎರಡೂವರೆಗೆ: ಮಕ್ಕಳು, ಎದುರು ಮನೆಯವರು, ಕಾಕು. ಆಮೇಲೆ ಬಂದವರಿಗೆ ಅರಿಶಿನ ಕುಂಕುಮ, ತಾಂಬೂಲ, ಚಹಾ. ಅವ್ವ ಮತ್ತು ಹೆಂಡತಿ ತಟ್ಟೆ ಹಾಕಿಕೊಂಡು ಕೂತಾಗ ನಾಲ್ಕೂವರೆ. ಏಳು ಗಂಟೆಗೆ ಅವ್ವನಿಗೆ ವಾಂತಿ ಶುರು. ಅರ್ಧ ತಾಸಿಗೆ ಹೆಂಡತಿಗೂ. ಮರುದಿನ ಕಾಕುವಿಗೆ ಫೋನ್ ಮಾಡಿದಾಗ, "ಸಂಜೀಕ ನನಗೂ ಸ್ವಲ್ಪ ಹೊಟ್ಟಿ ತೊಳಸಿದಂಗ ಆಗಿತ್ತು, ಹೇಳಲಿಲ್ಲ" ಎಂದಳು.

ಊಟ ಒಂದೇ. ಪಾತ್ರೆ ಒಂದೇ. ಮೊದಲ ಪಂಕ್ತಿಗೆ ಅದು ಎರಡು ತಾಸಿನದು, ಎರಡನೆಯದಕ್ಕೆ ನಾಲ್ಕು ತಾಸಿನದು, ಮೂರನೆಯದಕ್ಕೆ ಆರು ತಾಸಿನದು.

ವೈದ್ಯೆ ವಿವರಿಸಿದ್ದನ್ನು ಆಮೇಲೆ ಓದಿ ತಿಳಿದುಕೊಂಡೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದರೆ ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ಆ ವಿಷಕ್ಕೆ ಬಿಸಿಯ ಹೆದರಿಕೆ ಇಲ್ಲ. ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ತಾಸಿನೊಳಗೆ ವಾಂತಿ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಲ್ಲಿ ಇದನ್ನು ಮೊದಲು ಗುರುತಿಸಿದರು. ಹಾಲಿನ ಸಿಹಿ, ಹೂರಣದಂಥವುಗಳಿಗೆ ನಮ್ಮ ಕೈಯಿಂದಲೇ ಸ್ಟ್ಯಾಫಿಲೋಕಾಕಸ್ ಎಂಬ ಇನ್ನೊಂದು ಸೇರಬಹುದು. ಅದರ ವಿಷವೂ ಕುದಿತಕ್ಕೆ ಬಗ್ಗುವುದಿಲ್ಲ. ಎರಡಕ್ಕೂ ಬೇಕಾದದ್ದು ಒಂದೇ: ಬೆಚ್ಚಗಿನ ಜಾಗ ಮತ್ತು ಸಮಯ.

ಎಷ್ಟು ಸಮಯ? 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನದು ಬ್ಯಾಕ್ಟೀರಿಯಾಗಳಿಗೆ ಒಗ್ಗುವ ಉಷ್ಣತೆ. ಬೇಯಿಸಿದ ಅಡುಗೆಯನ್ನು ಕೋಣೆಯ ಉಷ್ಣತೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಬಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡೇ ತಾಸು ಏಕೆ ಎಂಬುದಕ್ಕೆ ಪುಸ್ತಕದ ಒಂದು ಲೆಕ್ಕ ಹಾಕಿ ನೋಡಿ. ಹದವಾದ ಬೆಚ್ಚಗಿನಲ್ಲಿ ಒಂದು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ ಎಂದಿಟ್ಟುಕೊಳ್ಳಿ. ಎರಡು ತಾಸಿಗೆ ಒಂದು ಇದ್ದದ್ದು 64. ನಾಲ್ಕು ತಾಸಿಗೆ 4,096. ಆರು ತಾಸಿಗೆ 2,62,144. ಮೊದಲ ಪಂಕ್ತಿಯಲ್ಲಿ ಕೂತ ನನ್ನ ಎಲೆಗೂ ಕೊನೆಯಲ್ಲಿ ಕೂತ ಅವ್ವನ ತಟ್ಟೆಗೂ ಇರುವ ಅಂತರ ಇದು.

ಇದು ನಮ್ಮ ಊರಿನ, ನಮ್ಮ ಹಬ್ಬದ ಸಮಸ್ಯೆ ಮಾತ್ರ ಅಲ್ಲ. ದೊಡ್ಡ ಪಾತ್ರೆಯಲ್ಲಿ ಮಾಡಿ ನಿಧಾನಕ್ಕೆ ಆರುವ ಊಟದಿಂದ ಬರುವ ಇನ್ನೊಂದು ಹೊಟ್ಟೆಬೇನೆ ನವೆಂಬರ್, ಡಿಸೆಂಬರಿನ ಹಬ್ಬದೂಟಗಳ ಕಾಲದಲ್ಲೇ ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅಲ್ಲಿನವರನ್ನು ಎಚ್ಚರಿಸುತ್ತದೆ. ಅಲ್ಲಿ ಟರ್ಕಿ ಕೋಳಿ, ಇಲ್ಲಿ ಚಿತ್ರಾನ್ನ. ಪಾತ್ರೆ ದೊಡ್ಡದಿರುವುದು, ಉಣ್ಣುವವರು ಒಟ್ಟಿಗೆ ಕೂರದಿರುವುದು ಎರಡೂ ಕಡೆ ಒಂದೇ.

ಕೊನೆಗೆ ಕೂರುವವರು ಯಾರು?

ನನ್ನ ಸಿಟ್ಟಿನ ಮೂಲ ಇಲ್ಲಿದೆ. ಕೊನೆಯ ಪಂಕ್ತಿಗೆ ಯಾರು ಕೂರುತ್ತಾರೆ ಎಂಬುದು ಯಾವ ಮನೆಯಲ್ಲೂ ಚೀಟಿ ಎತ್ತಿ ತೀರ್ಮಾನ ಆಗುವುದಿಲ್ಲ. ಅಡುಗೆ ಮಾಡಿದವಳು ಕೊನೆಗೆ. ಬಡಿಸಿದವಳು ಕೊನೆಗೆ. ನಸುಕಿನ ನಾಲ್ಕಕ್ಕೆ ಎದ್ದು, ನೈವೇದ್ಯದವರೆಗೆ ಬಾಯಿಗೆ ನೀರೂ ಹಾಕದೆ, ಹನ್ನೆರಡು ತಾಸು ನಿಂತು, ದೇಹ ಪೂರ್ತಿ ದಣಿದ ಹೊತ್ತಿಗೆ, ಎಲ್ಲಕ್ಕಿಂತ ಹಳತಾದ ಊಟ ಅವರಿಗೆ. ಅದರಲ್ಲೂ ತಳದ್ದು. ನಾವು ಅದಕ್ಕೆ ತ್ಯಾಗ, ಮರ್ಯಾದೆ, ಗೃಹಿಣಿಯ ಧರ್ಮ ಎಂದೆಲ್ಲ ಹೆಸರಿಟ್ಟಿದ್ದೇವೆ. ನನ್ನ ಲಾಗಿನಲ್ಲಿ ಅದಕ್ಕೆ ಇದ್ದ ಹೆಸರು ಆರು ತಾಸು.

ನಾನು ಓದಿದವನು. ಎಂಟೆಕ್ ಮಾಡಿದವನು. ಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ, ಮಗಳನ್ನು ಶಾಲೆಗೆ ಬಿಡುತ್ತೇನೆ ಎಂದು ಹೆಮ್ಮೆಪಡುವವನು. ಆದರೂ ಹಬ್ಬದ ದಿನ ನಾನು ಮೊದಲ ಪಂಕ್ತಿಯಲ್ಲಿ ಕೂತೆ, ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡೆ, ಆಮೇಲೆ ಗೆಳೆಯರ ಜೊತೆ ಬಾಲ್ಕನಿಯಲ್ಲಿ ಅಡಿಕೆ ಅಗಿಯುತ್ತ ನಿಂತೆ. "ನೀವು ಯಾವಾಗ ಉಣ್ಣುತ್ತೀರಿ" ಎಂದು ಒಳಗೆ ಕೂಗಿ ಕೇಳಿದ್ದು ನೆನಪಿದೆ. ಉತ್ತರ ಏನು ಬಂತು ಎಂಬುದು ನೆನಪಿಲ್ಲ.

ನಮ್ಮ ಕೊನೆಯ ಪಂಕ್ತಿಯ ನಂತರವೂ ಒಂದು ಪಂಕ್ತಿ ಇತ್ತು ಎಂಬುದು ಗೊತ್ತಾದದ್ದು ಎರಡು ದಿನ ಬಿಟ್ಟು. ನಮ್ಮ ಮನೆಯ ಪಾತ್ರೆ ತೊಳೆಯಲು ಬರುವಾಕೆ ವಿಜಯಪುರ ಜಿಲ್ಲೆಯವರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಹಬ್ಬದ ದಿನ ಐದೂವರೆಗೆ ಬಂದು ರಾಶಿ ಪಾತ್ರೆ ತೊಳೆದು ಹೊರಟಾಗ ನನ್ನ ಹೆಂಡತಿ ಉಳಿದ ಚಿತ್ರಾನ್ನ, ಪಾಯಸವನ್ನು ಡಬ್ಬಿಗೆ ತುಂಬಿ ಕೊಟ್ಟಿದ್ದಳು. ಪ್ರೀತಿಯಿಂದಲೇ ಕೊಟ್ಟದ್ದು, ಅದರಲ್ಲಿ ಸುಳ್ಳಿಲ್ಲ. ಮರುದಿನ ಅವರು ಬರಲಿಲ್ಲ. ಅದರ ಮರುದಿನ ಬಂದಾಗ ಕೇಳಿದರೆ, "ಸಣ್ಣಾಂವಗ ರಾತ್ರಿಯೆಲ್ಲಾ ವಾಂತಿ ಆದ್ವುರೀ ಅಕ್ಕಾರ. ಗಾಳಿ ಬಡದೈತಿ ಅಂತ ಮಾಡಿದ್ವಿ. ಬೆಳಿಗ್ಗೆ ದವಾಖಾನಿಗೆ ಒಯ್ದು ಸಲೈನ್ ಹಚ್ಚಿಸಿದ್ವಿ" ಎಂದರು. ಊಟದ ಮಾತು ಅವರು ಎತ್ತಲೇ ಇಲ್ಲ. ಎತ್ತಿದರೆ ನಮಗೆ ಬೇಜಾರಾದೀತು ಎಂಬ ಸಂಕೋಚವೋ, ಮುಂದಿನ ಹಬ್ಬಕ್ಕೆ ಡಬ್ಬಿ ಸಿಗಲಿಕ್ಕಿಲ್ಲ ಎಂಬ ಅಂಜಿಕೆಯೋ. ನಮ್ಮ ಮನೆಯಲ್ಲೂ ಇಬ್ಬರು ಮಲಗಿದ್ದರು ಎಂದು ಕೇಳಿದ ಮೇಲೆ ಅವರ ಮುಖ ಬದಲಾಯಿತು. ಆ ದವಾಖಾನೆಯ ಬಿಲ್ಲು ಅವರ ಗಂಡನ ಒಂದು ದಿನದ ಕೂಲಿಗಿಂತ ಹೆಚ್ಚಿತ್ತು. ಹಣ ನಾವು ಕೊಟ್ಟೆವು. ಆ ಹುಡುಗನಿಗೆ ಐದು ವರ್ಷ.

ಅನ್ನ ಚೆಲ್ಲಬಾರದು ಎಂದು ನಾವೆಲ್ಲ ಕಲಿತಿದ್ದೇವೆ, ಅದು ದೊಡ್ಡ ಮಾತು. ಆದರೆ ಏಳು ತಾಸು ಬೋಗುಣಿಯಲ್ಲಿ ಕೂತ ಅನ್ನವನ್ನು ನನ್ನ ಮಗಳಿಗೆ ರಾತ್ರಿ ಹಾಕುತ್ತಿದ್ದೆನೆ? ಇಲ್ಲ, ಅವಳಿಗೆ ಬಿಸಿ ಅನ್ನ ಇಟ್ಟುಕೊಡುತ್ತಿದ್ದೆ. ಹಾಗಿದ್ದ ಮೇಲೆ ನಾನು ಕೊಟ್ಟದ್ದು ದಾನ ಅಲ್ಲ. ಚೆಲ್ಲುವ ಪಾಪ ನನಗೆ ಬರದಿರಲಿ ಎಂದು ಇನ್ನೊಬ್ಬರ ಮಗುವಿನ ಹೊಟ್ಟೆಗೆ ದಾಟಿಸಿದೆ, ಅಷ್ಟೇ.

ಹಿಂದಿನವರು ಉಣ್ಣುತ್ತಿರಲಿಲ್ಲವೆ?

ಈ ಮಾತು ಎತ್ತಿದಾಗೆಲ್ಲ ಹಿರಿಯರಿಂದ ಬರುವ ಉತ್ತರ ಒಂದೇ: ನಾವು ಬೆಳಗಿನ ಅಡುಗೆ ರಾತ್ರಿಗೂ ಉಂಡವರು, ನಮಗೇನಾಗಿದೆ? ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಅದರೊಳಗೆ ತಿಳಿವಳಿಕೆ ಇದೆ.

ಅಜ್ಜಿಯ ಮನೆಯ ಒಲೆಯಲ್ಲಿ ಅಡುಗೆ ಮುಗಿದ ಮೇಲೂ ಕೆಂಡ ಇರುತ್ತಿತ್ತು. ಸಾರಿನ ಪಾತ್ರೆ ಕೆಂಡದ ಮೇಲೇ ಕೂತು ಕೊನೆಯವರೆಗೆ ಹೊಗೆಯಾಡುತ್ತಿತ್ತು. 60 ಡಿಗ್ರಿ ಎಂಬ ಅಂಕಿ ಅವಳಿಗೆ ಗೊತ್ತಿರಲಿಲ್ಲ, ಬೆರಳು ಅದ್ದಿದರೆ ಚುರ್ ಎನ್ನಬೇಕು ಎಂಬುದು ಗೊತ್ತಿತ್ತು. ನಾವು ಗ್ಯಾಸು ಆರಿಸಿದ ಗಳಿಗೆಯಿಂದ ಅಡುಗೆ ತಣ್ಣಗಾಗುತ್ತದೆ. ಇನ್ನು ಪ್ರಯಾಣಕ್ಕೆ ಅವಳು ಕಟ್ಟುತ್ತಿದ್ದ ಬುತ್ತಿ ನೋಡಿ: ಕಟಕಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನೀರಿನ ಪಸೆ ಇಲ್ಲ, ರೋಗಾಣು ಬೆಳೆಯಲು ಜಾಗವಿಲ್ಲ. ಮೈಸೂರು ಕಡೆಯವರು ಪುಳಿಯೋಗರೆ ಕಟ್ಟುತ್ತಿದ್ದರು. ಹುಣಸೆಯ ಹುಳಿಯಲ್ಲಿ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯುವುದಿಲ್ಲ. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಬೇರೆಯದನ್ನು ಮುಟ್ಟಬಾರದು ಎಂಬ ಮುಸುರೆಯ ಕಟ್ಟಳೆಯಲ್ಲೂ ಒಂದು ಎಚ್ಚರ ಇತ್ತು. ಅದೇ ಕಟ್ಟಳೆಯನ್ನು ಮನುಷ್ಯರನ್ನು ದೂರ ಇಡಲು ಬಳಸಿದ್ದು ನಮ್ಮ ನಾಚಿಕೆ. ಕೈ ತೊಳೆಯುವುದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡೋಣ. ಹಿರಿಯರಿಂದ ನಾವು ಹಿಡಿದುಕೊಳ್ಳಬೇಕಾದದ್ದು ಆ ಜಾಣ್ಮೆಯನ್ನು. ನಾವು ಹಿಡಿದುಕೊಂಡದ್ದು ಪಂಕ್ತಿಯ ಸರದಿಯನ್ನು.

ಮತ್ತೆ, ಹಿಂದಿನವರಿಗೆ ಏನೂ ಆಗುತ್ತಿರಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಹಬ್ಬದ ರಾತ್ರಿ ಮಕ್ಕಳಿಗೆ ವಾಂತಿಯಾದರೆ ಅಜ್ಜಿ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕುತ್ತಿದ್ದಳು. ಅದಕ್ಕೆ ದೃಷ್ಟಿ ಎಂದು ಹೆಸರು. ಆಸ್ಪತ್ರೆಯಿಂದ ಬಂದ ಮೇಲೆ ಅವ್ವನೂ ಅದನ್ನೇ ಹೇಳಿದಳು, "ಇಷ್ಟ ಮಂದಿ ಬಂದಿದ್ರಲ್ಲ, ಯಾರದರ ದೃಷ್ಟಿ ಆಗೇತಿ." ನಾನು ಬೇಕಾದರೆ ದೃಷ್ಟಿ ತೆಗಿ ಎಂದೆ. ಅದರ ಜೊತೆ ನನ್ನ ಲಾಗ್ ಕೂಡ ತೋರಿಸಿದೆ.

ಹೊತ್ತು ತಪ್ಪುವುದರಿಂದ ಆಗುವ ಇನ್ನೊಂದು ಅಪಾಯವನ್ನೂ ಹೇಳಬೇಕು. ಅಪ್ಪನಿಗೆ ಸಕ್ಕರೆ ಕಾಯಿಲೆ. ಹಿಂದೊಮ್ಮೆ ಯುಗಾದಿಯಲ್ಲಿ ಬೆಳಿಗ್ಗೆ ರೂಢಿಯಂತೆ ಮಾತ್ರೆ ನುಂಗಿ, ನೈವೇದ್ಯ ಆಗದೆ ಏನೂ ತಿನ್ನಬಾರದೆಂದು ಕಾದರು. ಪೂಜೆಗೆ ಬರಬೇಕಾದವರು ಒಂದೂವರೆ ತಾಸು ತಡ. ಮಧ್ಯಾಹ್ನ ಒಂದರ ಹೊತ್ತಿಗೆ ಅಪ್ಪನ ಹಣೆ ಬೆವರಿತು, ಕೈ ನಡುಗಿತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂತು. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದ ಮೇಲೆ ಕಾಲು ತಾಸಿನಲ್ಲಿ ಸರಿಹೋದರು. ಹಬ್ಬದಲ್ಲಿ ಸಕ್ಕರೆ ಏರುವುದನ್ನೇ ನಾವೆಲ್ಲ ಹೆದರಿ ನೋಡುತ್ತೇವೆ. ಮಾತ್ರೆ ನುಂಗಿ ಊಟ ತಡವಾದರೆ ಇಳಿಯುವುದೂ ಅಷ್ಟೇ ಅಪಾಯ, ಮತ್ತು ಅದು ನಿಮಿಷಗಳ ಆಟ.

ನಾವು ಏನು ಬದಲಿಸಿದೆವು

ಅಕ್ಟೋಬರ್ 22ಕ್ಕೆ ಬಲಿಪಾಡ್ಯಮಿ. ಅಪ್ಪ, ಅವ್ವ ಮತ್ತೆ ಬಂದಿದ್ದರು, ಜನ ಮತ್ತೆ ಇಪ್ಪತ್ತರ ಆಸುಪಾಸು. ಹಬ್ಬ ಬೇಡ ಎನ್ನುವ ಯೋಚನೆ ನಮಗೆ ಬರಲಿಲ್ಲ. ಹೊರಗಿರುವ ನಮಗೆ ವರ್ಷಕ್ಕೆ ನಾಲ್ಕು ಸಲ ಕನ್ನಡ ಮಾತಾಡುತ್ತ ಒಟ್ಟಿಗೆ ಉಣ್ಣುವುದು ಬರೀ ಊಟವಲ್ಲ. ಬದಲಿಸಿದ್ದು ಹೊತ್ತನ್ನು ಮತ್ತು ಸರದಿಯನ್ನು.

ಅನ್ನ ಎರಡು ಸಲ ಮಾಡಿದೆವು. ಮೊದಲ ಕುಕ್ಕರ್ ಮೊದಲ ಪಂಕ್ತಿಗೆ, ಅದು ಎದ್ದ ಮೇಲೆ ಎರಡನೆಯ ಕುಕ್ಕರ್. ಖರ್ಚು ಇಪ್ಪತ್ತು ನಿಮಿಷದ ಗ್ಯಾಸು. ನಾಲ್ಕು ಪಲ್ಯದ ಬದಲು ಎರಡು. ಪಾಯಸದ ಪಾತ್ರೆ ಸಣ್ಣ ಉರಿಯ ಮೇಲೇ ಇತ್ತು. ಕಾಕು ಅವರ ಮನೆಯಿಂದ ಹೋಳಿಗೆ ಮಾಡಿ ತಂದರು. ಒಂದೇ ಅಡುಗೆಮನೆ ಎಲ್ಲವನ್ನೂ ಹೊರಬೇಕೆಂದೇನೂ ಇಲ್ಲ. ಅಪ್ಪ ಮಾತ್ರೆಯ ಸಮಯವನ್ನು ಊಟದ ಹೊತ್ತಿಗೆ ಹೊಂದಿಸಿಕೊಳ್ಳುವುದು ಹೇಗೆಂದು ಹಿಂದಿನ ವಾರವೇ ವೈದ್ಯರನ್ನು ಕೇಳಿಕೊಂಡಿದ್ದರು.

ಡಬ್ಬಿಗಳನ್ನು ಕೊನೆಗೆ ತುಂಬುವ ಬದಲು ಮೊದಲಿಗೇ ತುಂಬಿದೆವು. ನೈವೇದ್ಯ ಆದೊಡನೆ, ಯಾರೂ ಕೂರುವ ಮೊದಲು, ಪಾತ್ರೆ ತೊಳೆಯುವಾಕೆಯ ಮನೆಗೆ ನಾಲ್ಕು ಜನರ ಬಿಸಿ ಊಟ ನಾನೇ ಸ್ಕೂಟರಿನಲ್ಲಿ ಕೊಟ್ಟುಬಂದೆ. ಅವರಿಗೆ ಅಂದು ರಜೆ ಕೊಟ್ಟಿದ್ದೆವು. ಪಾತ್ರೆ ನಾವು ಗಂಡಸರು ತೊಳೆದೆವು, ಎರಡು ಲೋಟ ಒಡೆದವು.

ಉಳಿದದ್ದನ್ನು ಎರಡು ತಾಸಿನೊಳಗೆ ಅಗಲವಾದ ಸಣ್ಣ ಡಬ್ಬಿಗಳಲ್ಲಿ ತೆಳ್ಳಗೆ ಹರಡಿ ಫ್ರಿಜ್ಜಿಗೆ. ದೊಡ್ಡ ಬೋಗುಣಿಯನ್ನೇ ಒಳಗೆ ತುರುಕಿದರೆ ಅದರ ನಡುಭಾಗ ತಾಸುಗಟ್ಟಲೆ ಬೆಚ್ಚಗೇ ಇರುತ್ತದೆ. ಸಾರನ್ನು ಮರುದಿನ ಒಂದೇ ಸಲ, ಕೊತಕೊತ ಕುದಿಯುವಂತೆ ಕಾಯಿಸಿದೆವು. ಹೊತ್ತು ಮೀರಿದ ಅನ್ನವನ್ನು ಮಾತ್ರ ಕೈಮುಗಿದು ಚೆಲ್ಲಿದೆವು. ಮುಂದಿನ ಸಲ ಅಳತೆ ಕಡಿಮೆ ಮಾಡುವುದೇ ಅದಕ್ಕೆ ಪ್ರಾಯಶ್ಚಿತ್ತ. ಹಿಂದಿನ ದಿನ ಹೊಟ್ಟೆ ಕೆಟ್ಟಿದ್ದ ಗೆಳೆಯನೊಬ್ಬ ಬಡಿಸಲು ಎದ್ದಾಗ ಕೂರಿಸಿದೆವು. ಅವನಿಗೆ ಸ್ವಲ್ಪ ಬೇಜಾರಾಯಿತು, ಪರವಾಗಿಲ್ಲ. ಇನ್ನೂ ಒಂದು ಹೋಳಿಗೆ ಎಂದು ಯಾರನ್ನೂ ಎರಡನೆಯ ಸಲ ಒತ್ತಾಯ ಮಾಡಬಾರದು ಎಂದು ಮೊದಲೇ ಮಾತಾಗಿತ್ತು. ಬಿಪಿ, ಶುಗರ್ ಇದ್ದವರು ಬೇಡ ಎಂದರೆ ಬೇಡ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ತಪ್ಪಬಹುದು. ಮನೆಯಲ್ಲಿ ನಾಲ್ಕು ಪಾಕೀಟು ಓಆರ್‌ಎಸ್ ಇರಲಿ. ಪಾಕೀಟಿನ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಕುಡಿದದ್ದು ಒಂದಿಷ್ಟೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ತೀರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗುವಾಗಲಿ ವಯಸ್ಸಾದವರಾಗಲಿ ಮಂಕಾಗಿ ತೂಕಡಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ಹೊಟ್ಟೆ ಸರಿಹೋದ ಮೇಲೆ ಕೆಲವು ದಿನಕ್ಕೆ ಕೈಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ ಅದನ್ನು ದಣಿವು ಎನ್ನಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಪುಣೆಯವರು ಇದನ್ನು ಕಷ್ಟಪಟ್ಟು ಕಲಿತಿದ್ದೇವೆ.

ಎಲ್ಲಕ್ಕಿಂತ ಕಷ್ಟವಾದದ್ದು ಸರದಿ ಬದಲಿಸುವುದು. ಬಲಿಪಾಡ್ಯಮಿಯ ಮೊದಲ ಪಂಕ್ತಿಗೆ ಅವ್ವ, ಹೆಂಡತಿ, ಕಾಕು ಕೂರಬೇಕು, ನಾನು, ಕಾಕಾ, ಗೆಳೆಯರು ಬಡಿಸುತ್ತೇವೆ ಎಂದಾಗ ಅವ್ವ ಒಪ್ಪಲೇ ಇಲ್ಲ. "ಅಡಗಿ ಮಾಡಿದಾಕಿನ ಮೊದಲ ಕುಂತರ ಬಂದ ಮಂದಿ ಏನಂದಾರು?" ಎಂದಳು. ಎದುರು ಮನೆಯ ಮರಾಠಿ ಅಜ್ಜಿ ಕೈ ಹಿಡಿದು ಕೂರಿಸಿದ ಮೇಲೆ ಕೂತಳು. ಕೂತ ಮೇಲೂ ಮೂರು ಸಲ ಎದ್ದಳು. ಉಪ್ಪು ಬಡಿಸಿಲ್ಲ, ತುಪ್ಪದ ಗಿಂಡಿ ಎಲ್ಲಿದೆ, ಕೋಸಂಬರಿ ಎಡಕ್ಕೆ ಹಾಕಬೇಕು. ಮೂರನೆಯ ಸಲ ಅಪ್ಪ, "ಕುಂದ್ರ ಈಗ, ಅವರು ನೋಡ್ಕೋತಾರ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ನಲವತ್ತು ವರ್ಷದಲ್ಲಿ ಅವರು ಹಬ್ಬದ ದಿನ ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಹೆಂಚಿನಿಂದ ತೆಗೆದ ಹೋಳಿಗೆಯನ್ನು ನಾನು ಅವಳ ಎಲೆಗೆ ಹಾಕಿ ತುಪ್ಪ ಬಿಟ್ಟೆ. ಒಂದು ತುತ್ತು ಮುರಿದು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪಕ್ಕದ ಕಾಕುವಿಗೆ ಹೇಳಿದಳು, "ಹಬ್ಬದ ದಿನ ಬಿಸಿ ಹೋಳಿಗಿ ತಿಂದಿದ್ದ ನೆನಪಿಲ್ಲ ನೋಡ ನನಗ. ಮದಿವಿಕಿಂತ ಮದ್ಲ ತವರಮನ್ಯಾಗ ತಿಂದಿದ್ದೆ."

ನಿಮ್ಮ ಮನೆಯ ಮುಂದಿನ ಹಬ್ಬಕ್ಕೆ ಕೊನೆಯ ಪಂಕ್ತಿಯಲ್ಲಿ ಯಾರು ಕೂರುತ್ತಾರೆ, ಅವರ ತಟ್ಟೆಯ ಅನ್ನ ಎಷ್ಟು ಗಂಟೆಯದು ಎಂದು ಒಮ್ಮೆ ಗಡಿಯಾರ ನೋಡಿ. ಎರಡು ತಾಸು ಮೀರಿದ್ದರೆ ಇನ್ನೊಂದು ಕುಕ್ಕರ್ ಇಡಿ. ಅದು ಕೂಗುವಷ್ಟರಲ್ಲಿ ನೀವು ಎದ್ದು ಸೌಟು ಹಿಡಿದುಕೊಳ್ಳಿ.